ಏಳು ಅನ್ನದ ಸಂಗ್ರಾಮಪ್ಪ

ಭಾಲ್ಕಿಯ ಗಂಜಿನಲ್ಲಿ, ಕಾಳಿನ ಪೇಟೆಯಲ್ಲಿ, ತೊಗರಿ ಅಳೆಯುತ್ತಿದ್ದ ಸಂಗ್ರಾಮಪ್ಪನ ಬಾಯಲ್ಲಿ ಒಂದೂ ಇರಲಿಲ್ಲ, ಏಳೂ ಇರಲಿಲ್ಲ. ಮೊದಲ ಸೇರು ಸುರಿದಾಗ 'ಲಾಭ' ಅನ್ನುತ್ತಿದ್ದ, ಆಮೇಲೆ ಎರಡು, ಮೂರು. ಆರು ದಾಟಿತೋ, 'ಆರರ ಮ್ಯಾಲ ಲಾಭ'. ಏಳು ಅಂದರೆ ರಾಶಿಯ ಮೇಲೆ ಕೂತ ಲಕ್ಷ್ಮಿ ಎದ್ದು ಹೋದಾಳೆಂಬ ಅಂಜಿಕೆ. ಊಟಕ್ಕೆ ಕೂತರೂ 'ಲಾಭ ರೊಟ್ಟಿ ಹಾಕು' ಅನ್ನುವವನೇ. ಬೀದರಿನ ರೇಲು ಎಷ್ಟು ಗಂಟೆಗೆ ಎಂದು ಕೇಳಿದವರಿಗೆ 'ಆರರ ಮ್ಯಾಲ ಲಾಭಕ್ಕರಿ' ಅಂದು ಕಂಗಾಲು ಮಾಡುತ್ತಿದ್ದ. ಬೆಳಿಗ್ಗೆ ಮಗಳನ್ನು ಎಬ್ಬಿಸಲೂ ಆ ಮಾತು ಆಡದೆ ಸುಮ್ಮನೆ ಚಾದರ ಜಗ್ಗುತ್ತಿದ್ದ. 'ಬಾಯಿ ಬಿಟ್ಟು ಎಬ್ಬಸಬಾರದೇನ್ರಿ?' ಎಂದು ಹೆಂಡತಿ ಗುರಮ್ಮ ನಕ್ಕರೆ, 'ಮನಿ ಲಕ್ಷ್ಮಿ ಕೇಳಿಸ್ಕೊಂಡ್ರ ಹ್ಯಾಂಗ?' ಅನ್ನುತ್ತಿದ್ದ. ನಿಜಾಮನ ರಾಜ್ಯ ಬಿದ್ದು ಪೊಲೀಸ್ ಆ್ಯಕ್ಷನ್ ಮುಗಿದ ವಾರ, ಗಲಭೆಯಲ್ಲಿ ಸತ್ತವರನ್ನು ಸಾಲಾಗಿ ಮಲಗಿಸಿದ್ದ ಹಳ್ಳದ ದಂಡೆಗೆ ಪಟೇಲರು ಅವನನ್ನು ಕರೆಸಿದರು. 'ಸತ್ತವರನ್ನ ನೀನೇ ಎಣಸು ಸಂಗ್ರಾಮಪ್ಪ, ನಮ್ಮ ಕೈಲಿ ಆಗವಲ್ದು' ಅಂದರು. ಸಾಲಿನ ಮೊದಲ ಹೆಣದ ಹತ್ತಿರ ಅವನ ನಾಲಿಗೆಗೆ ಲಾಭ ಬರಲಿಲ್ಲ, 'ಒಂದು' ಅಂದ. ಹಾಗೇ ಎಣಿಸುತ್ತ ಹೋದ. ಆರು ದಾಟಿದ ಮೇಲೆ, ಮುಖದ ತನಕ ಚಾದರ ಹೊದಿಸಿ ಮಲಗಿಸಿದ್ದ ಒಬ್ಬನ ಮುಂದೆ ನಿಂತು, ಎಲ್ಲರಿಗೂ ಕೇಳುವ ಹಾಗೆ 'ಏಳು' ಅಂದ. ಅಂದವನು ಮುಂದಕ್ಕೆ ಹೋಗಲಿಲ್ಲ. ಅಲ್ಲೇ ಕಾಯುತ್ತ ನಿಂತ.