ಮುಂದಿನ ಗೇಟಿನಿಂದ

ಶಾಲೆಯಲ್ಲಿ ಆಕೆಗೆ ದಾಪುಗಾಲು ಟೀಚರ್ ಎಂದೇ ಹೆಸರು. ಹುಡುಗಿಯಾಗಿದ್ದಾಗ ಒಳ್ಳೆಯ ಓಟಗಾರ್ತಿ. ಮೊಣಕಾಲು ಕೈಕೊಟ್ಟ ಮೇಲೆ ಓಡುವುದು ಬಿಟ್ಟು ಓಡಿಸುವ ಕೆಲಸಕ್ಕೆ ಸೇರಿಕೊಂಡಳು. ಗಂಡನದು ಶಾಲೆಯ ರಸ್ತೆಯ ತಿರುವಿನಲ್ಲೇ ಸೈಕಲ್ ರಿಪೇರಿ ಅಂಗಡಿ. ಆತ ಮಾತಿನಲ್ಲಿ ಜಿಪುಣ. ಅವನು ಉಳಿಸಿದ ಮಾತನ್ನೆಲ್ಲ ಅವನ ತಾಯಿ ಖರ್ಚು ಮಾಡುತ್ತಿದ್ದಳು.

ಊರಿನ ಹೊರಗೆ ಮುಚ್ಚಿಹೋದ ನೂಲಿನ ಗಿರಣಿಯೊಂದಿತ್ತು. ಗಡಿಯಾಚೆ ಹೊಡೆದಾಟ ಶುರುವಾದ ವರ್ಷ, ಮನೆ ಸುಟ್ಟುಹೋದವರನ್ನೂ ಮನೆ ಬಿಟ್ಟು ಓಡಿಬಂದವರನ್ನೂ ತಂದು ಅದರ ಗೋದಾಮುಗಳಲ್ಲಿ ಇರಿಸಿದರು. ಅವರ ಮಕ್ಕಳನ್ನು ಶಾಲೆಗೆ ಸೇರಿಸಿಕೊಳ್ಳಬೇಕೆಂದು ಮೇಲಿನಿಂದ ಆದೇಶ ಬಂತು. ಮಕ್ಕಳು ಬಂದರು, ಹಿಂದಿನ ಬೆಂಚುಗಳಲ್ಲಿ ಕುಳಿತರು. ಪಾಠದ ಒಂದು ಮಾತೂ ತಿಳಿಯದೆ ಕಿಟಕಿಯ ಕಡೆ ಮುಖ ಮಾಡಿದರು. ಊರಿನ ಬಾಯಲ್ಲಿ ಅವರು ‘ಗೋದಾಮಿನವರು’ ಆದರು. ಅಂಥ ಮಗುವಿನ ಪಕ್ಕ ನಮ್ಮ ಮಗುವನ್ನು ಕೂರಿಸಬೇಡಿ ಎಂದು ಹೇಳಿಹೋಗುವ ತಾಯಂದಿರೂ ಇದ್ದರು.

ಮೈದಾನದಲ್ಲಿ ಬೆಂಚುಗಳಿರಲಿಲ್ಲ. ದಾಪುಗಾಲು ಟೀಚರ್ ಕವಾಯತಿಗೆ ಜೋಡಿ ಮಾಡುವಾಗ ಊರಿನದೊಂದು, ಗೋದಾಮಿನದೊಂದು ಮಗುವಿನ ಕೈ ಹಿಡಿಸಿ ನಿಲ್ಲಿಸಿದಳು. ಆ ಮಕ್ಕಳಿಗೆ ಮೊದಲು ಹತ್ತಿದ ಮಾತುಗಳೆಲ್ಲ ಅವಳು ಕೂಗುತ್ತಿದ್ದವೇ: ಓಡು, ನಿಲ್ಲು, ಹಿಡಿ, ಬಿಡು, ಬೇಗ ಬಾ. ಒಂದು ದಿನ ಹೆಡ್‌ಮಾಸ್ತರರು ವರಾಂಡದಲ್ಲಿ ಎದುರಾದಾಗ ಗೋದಾಮಿನ ಪುಟ್ಟ ಹುಡುಗನೊಬ್ಬ ಕೈಮುಗಿದು, ಬಹಳ ಮರ್ಯಾದೆಯಿಂದ, “ಬೇಗ ಬಾ” ಎಂದ. ದೊಡ್ಡವರಿಗೆ ‘ಬನ್ನಿ’ ಅನ್ನಬೇಕು ಎಂದು ಗುಮಾಸ್ತರು ತಿದ್ದಿದರು. ಅವತ್ತಿನಿಂದ ಅವನು ಶಾಲೆಯ ನಾಯಿಗೂ ‘ಬನ್ನಿ, ನಿಲ್ಲಿ’ ಎನ್ನತೊಡಗಿದ.

ಅವರಲ್ಲಿ ಒಬ್ಬಳು ಉದ್ದಜಡೆಯ ಹುಡುಗಿ. ಅದೇ ಅವಳ ಹೆಸರೂ ಆಯಿತು. ಚಿಕ್ಕಮ್ಮನ ಜೊತೆ ಬಂದವಳು. ಅವಳು ಓಡಿದರೆ ಜಡೆ ನೆಲಕ್ಕೆ ಸಮನಾಗಿ ನಿಲ್ಲುತ್ತಿತ್ತು. ಟೀಚರ್ ಅವಳನ್ನು ರಿಲೇ ತಂಡದ ಕೊನೆಯ ಓಟಕ್ಕೆ ಹಾಕಿದಳು. ಅವಳ ಕೈಗೆ ಬ್ಯಾಟನ್ ಕೊಡಬೇಕಾದವಳು ಬೇಕರಿಯವನ ಮಗಳು, ಊರಿನವಳು, ಬಾಯಿ ಜೋರು, ಕಾಲೂ ಜೋರು.

ತೊಡಕಿದ್ದುದು ಒಂದೇ. ರಿಲೇಯಲ್ಲಿ ಬ್ಯಾಟನ್ ತೆಗೆದುಕೊಳ್ಳುವವರು ತಿರುಗಿ ನೋಡಬಾರದು. ಓಡುತ್ತಲೇ ಕೈಯನ್ನು ಹಿಂದಕ್ಕೆ ಚಾಚಬೇಕು. ಉದ್ದಜಡೆ ಮಾತ್ರ ಪ್ರತಿ ಸಲವೂ ತಿರುಗುತ್ತಿದ್ದಳು. ಬರಿಯ ಕತ್ತಲ್ಲ, ಇಡೀ ಮೈ ತಿರುಗುತ್ತಿತ್ತು.

“ಹಿಂದೆ ನೋಡಬೇಡ ಕಣೇ, ಅವಳೇನು ದೆವ್ವ ಅಲ್ಲ, ಬಂದೇ ಬರ್ತಾಳೆ,” ಎಂದು ಟೀಚರ್ ಗದರಿಸಿ ನೋಡಿದಳು, ರಮಿಸಿ ನೋಡಿದಳು. ಕೊನೆಗೆ ಗೋದಾಮಿಗೆ ಹೋಗಿ ಚಿಕ್ಕಮ್ಮನನ್ನು ಕೇಳಿದಳು. ಹಳೆಯ ಸೀರೆಗಳ ಪರದೆ ಕಟ್ಟಿದ ಮೂಲೆಯಲ್ಲಿ ಕುಳಿತು ಆ ಹೆಂಗಸು ಅರೆಬರೆ ಮಾತಿನಲ್ಲಿ ಹೇಳಿದಳು: ಊರು ಬಿಡುವಾಗ ಯಾರೂ ಹಿಂದೆ ನೋಡಬೇಡಿ, ಓಡಿ ಎಂದಿದ್ದರು. ಹುಡುಗಿಯ ಕೈಯಲ್ಲಿ ತಮ್ಮನ ಕೈ ಇತ್ತು. ಎಲ್ಲೋ ಜಾರಿತು. ಹೇಳಿದ ಮಾತು ಮೀರಬಾರದೆಂದು ಅವಳು ತಿರುಗಲೇ ಇಲ್ಲ. ಸೇತುವೆ ದಾಟಿದ ಮೇಲೆ ನೋಡಿದರೆ ತಮ್ಮನಿಲ್ಲ.

ಮರುದಿನದಿಂದ ಟೀಚರ್ ‘ನೋಡಬೇಡ’ ಎನ್ನುವುದನ್ನು ನಿಲ್ಲಿಸಿದಳು. ಹತ್ತಿರ ಬಂದಾಗ “ಹಿಡಿ” ಎಂದು ಕೂಗಲು ಬೇಕರಿಯವನ ಮಗಳಿಗೆ ಹೇಳಿಕೊಟ್ಟಳು. ನಡೆಯುತ್ತ ಮಾಡಿದರು, ಆಮೇಲೆ ಕುಕ್ಕುಲೋಟದಲ್ಲಿ. ಕಿವಿಯನ್ನು ನಂಬಿ ಕೈ ಚಾಚುವುದು ಹುಡುಗಿಗೆ ಒಂದಿಷ್ಟು ಒಗ್ಗುತ್ತಿದೆ ಅನ್ನಿಸಿತು. ಜಿಲ್ಲಾ ಕ್ರೀಡಾಕೂಟ ಹತ್ತಿರವಾಗುತ್ತಿತ್ತು. ಒಂದು ಮಧ್ಯಾಹ್ನ ಟೀಚರ್, “ಇವತ್ತು ಪೂರ್ತಿ ಜೋರಲ್ಲಿ ಓಡಿ” ಎಂದಳು.

ಬೇಕರಿಯವನ ಮಗಳು ಬಾಣದ ಹಾಗೆ ಬಂದಳು. “ಹಿಡಿ” ಎಂದು ಕೂಗಿದಳು. ಉದ್ದಜಡೆ ಕೈ ಚಾಚಿದಳು. ಚಾಚಿದವಳು ಅದೇನಾಯಿತೋ, ಓಟದ ನಡುವೆ ಗಕ್ಕನೆ ನಿಂತು ತಿರುಗಿಬಿಟ್ಟಳು. ಡಿಕ್ಕಿಯ ರಭಸಕ್ಕೆ ಬೇಕರಿಯವನ ಮಗಳು ಪಕ್ಕಕ್ಕೆ ಎಗರಿ, ಮೈದಾನದಂಚಿನ ಕಲ್ಲಿನ ರೋಲರ್ ಮೇಲೆ ಬಿದ್ದಳು. ಬಲಗೈ ಮಣಿಕಟ್ಟು ನೋಡಬಾರದ ಹಾಗೆ ಸೊಟ್ಟಗಾಯಿತು.

ಅವಳ ಅಪ್ಪ ಹಿಟ್ಟಿನ ಕೈಯಲ್ಲೇ ಓಡಿಬಂದು ಮಗಳನ್ನು ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದ. ಕಾಂಪೌಂಡಿನ ಆಚೆ ನಿಂತು ನೋಡಿದವನೊಬ್ಬ ‘ಡಿಕ್ಕಿಯಾಯಿತು’ ಎಂದು ಹೇಳಿದನೋ ಏನೋ, ಅದು ಎರಡು ಅಂಗಡಿ ದಾಟುವಷ್ಟರಲ್ಲಿ ‘ತಳ್ಳಿದಳು’ ಆಯಿತು. ನಾಲ್ಕನೆಯ ಅಂಗಡಿಯಲ್ಲಿ ‘ಬೇಕಂತಲೇ ಕೈ ಮುರಿದಳು’ ಆಗಿತ್ತು. ಶಾಲೆ ಬಿಡುವ ಹೊತ್ತಿಗೆ ಗೇಟಿನ ಹೊರಗೆ ಜನ ಸೇರಿದ್ದರು. ಮಕ್ಕಳನ್ನು ಕರೆದೊಯ್ಯಲು ಬಂದ ತಂದೆತಾಯಿಯರು ಕೆಲವರು, ಸುಮ್ಮನೆ ನಿಂತವರು ಕೆಲವರು, ಯಾವುದಕ್ಕೋ ಕಾಯುತ್ತಿದ್ದ ಹುಡುಗರು ಕೆಲವರು.

ಹೆಡ್‌ಮಾಸ್ತರರು ಕೆಟ್ಟವರಲ್ಲ. ಆದರೆ ಅವರು ಕಿಟಕಿಯಿಂದ ಗೇಟಿನ ಕಡೆಯೇ ನೋಡುತ್ತಿದ್ದರು.

“ಮೇಡಂ, ಗೋದಾಮಿನ ಮಕ್ಕಳನ್ನ ಹಿಂದಿನ ಬಾಗಿಲಿಂದ ಕಳಿಸಿಬಿಡಿ. ಇವತ್ತೊಂದಿನ.”

ಅವಳು ಹಿಂದಿನ ಬಾಗಿಲನ್ನು ತುಸು ತೆರೆದು ಇಣುಕಿದಳು. ಎರಡು ಗೋಡೆಗಳ ನಡುವಿನ ಓಣಿ. ಒಂದು ಮನೆಯ ಕಿಟಕಿಯೂ ಆ ಕಡೆಗಿರಲಿಲ್ಲ. ಓಣಿಯ ತುದಿಯಲ್ಲಿ ಇಬ್ಬರು ಬೈಕಿನ ಮೇಲೆ ಕುಳಿತಿದ್ದರು. ಬಾಗಿಲು ಮುಚ್ಚಿ ಚಿಲಕ ಹಾಕಿದಳು.

“ಆ ಕಡೆ ಏನಾದ್ರೂ ಆದ್ರೆ ನೋಡೋರಿಲ್ಲ ಸಾರ್. ಮುಂದಿನ ಗೇಟಿಂದಲೇ ಹೋಗ್ತೀವಿ. ದಿನಾ ಹೋಗೋ ಹಾಗೆ.”

“ಏನಾದ್ರೂ ಹೆಚ್ಚುಕಡಿಮೆ ಆದ್ರೆ ಜವಾಬ್ದಾರಿ ಯಾರದು?”

“ನನ್ನದೇ,” ಎಂದಳು. ಪೊಲೀಸರಿಗೆ ಫೋನ್ ಹೋಗಿತ್ತು. ಬರುತ್ತೇವೆ ಎಂದವರು ಬಂದಿರಲಿಲ್ಲ.

ಆಕೆ ಮಕ್ಕಳನ್ನೆಲ್ಲ ಕವಾಯತಿನ ಜೋಡಿಯಲ್ಲಿ ನಿಲ್ಲಿಸಿದಳು. ಊರಿನದೊಂದು, ಗೋದಾಮಿನದೊಂದು. ಯಾವ ಮಗುವೂ ಏಕೆಂದು ಕೇಳಲಿಲ್ಲ. ಉದ್ದಜಡೆಯ ಜೋಡಿ ಆಸ್ಪತ್ರೆಯಲ್ಲಿದ್ದಳು. ಆ ಹುಡುಗಿಯ ಕೈಯನ್ನು ತಾನೇ ಹಿಡಿದು ಸಾಲಿನ ಕೊನೆಯಲ್ಲಿ ನಿಂತಳು. ಪುಟ್ಟ ಕೈ ಒದ್ದೆಯಾಗಿತ್ತು, ತಣ್ಣಗಿತ್ತು.

ಗೇಟು ತೆರೆಯಿತು. ಗದ್ದಲ ತಟ್ಟನೆ ನಿಂತಿತು. ಅದು ಕೂಗಾಟಕ್ಕಿಂತ ಹೆಚ್ಚು ಭಯ ಹುಟ್ಟಿಸುವಂತಿತ್ತು. ಸಾಲು ಹೊರಗೆ ಕಾಲಿಟ್ಟಿತು. ಒಬ್ಬ ತಾಯಿ ನುಗ್ಗಿಬಂದು ಮಗನ ತೋಳು ಹಿಡಿದು ಎಳೆದುಕೊಂಡಳು. ಅವನ ಜೋಡಿಯಾಗಿದ್ದ ಗೋದಾಮಿನ ಹುಡುಗಿ ಒಂಟಿಯಾದಳು. ಹಿಂದಿನ ಜೋಡಿಯ ಮಗು ಮುಂದೆ ಬಂದು ಅವಳ ಕೈಯನ್ನೂ ಹಿಡಿದುಕೊಂಡಿತು. ಇನ್ನೊಂದು ಮಗುವನ್ನು ಎಳೆದರು. ಮತ್ತೊಂದನ್ನು. ಆದರೂ ಸಾಲು ಚದುರಲಿಲ್ಲ. ತಮ್ಮವರ ಮಕ್ಕಳೇ ನಡುವೆ ಇದ್ದುದರಿಂದ ಯಾರ ಕೈಯೂ ಮೇಲೇಳಲಿಲ್ಲ.

ಕೊನೆಗೆ ಟೀಚರ್ ಮತ್ತು ಉದ್ದಜಡೆ ಬಂದಾಗ ದಪ್ಪ ಮೀಸೆಯ ಒಬ್ಬ ತನ್ನ ಸ್ಕೂಟರನ್ನು ದಾರಿಗೆ ಅಡ್ಡ ತಂದು ನಿಲ್ಲಿಸಿದ.

“ಇವಳೇನಾ ತಳ್ಳಿದ್ದು?”

“ಯಾರೂ ತಳ್ಳಿಲ್ಲ. ದಾರಿ ಬಿಡಿ.”

“ನಿಮ್ಮನ್ನ ಕೇಳ್ಲಿಲ್ಲ ಮೇಡಂ. ಅವಳೇ ಹೇಳ್ಲಿ.”

ಹುಡುಗಿ ತಲೆಯೆತ್ತಿದಳು. ಇರುವ ನಾಲ್ಕು ಮಾತುಗಳಲ್ಲಿ ಹುಡುಕಿ ಹುಡುಕಿ, “ನಾನು ಹಿಂದೆ ನೋಡ್ದೆ. ಅವಳು ಬಿದ್ಲು. ನನ್ನ ತಪ್ಪು,” ಎಂದಳು.

“ಕೇಳಿದ್ರಾ, ಅವಳೇ ಒಪ್ಕೊಂಡ್ಲು,” ಎಂದು ಹಿಂದಿನಿಂದ ಯಾರೋ ಅಂದರು. ಜನ ಒತ್ತಿಕೊಂಡು ಬಂದರು. ಟೀಚರ್ ಹುಡುಗಿಯನ್ನು ತನ್ನ ಹೊಟ್ಟೆಗೆ ಒತ್ತಿ ಹಿಡಿದಳು.

ಆಗ ಗುಂಪನ್ನು ಸರಿಸುತ್ತ ಆಕೆಯ ಗಂಡ ಬಂದ. ಕೈಯಲ್ಲಿ ಸ್ಪ್ಯಾನರ್ ಇತ್ತು, ಹೆಗಲ ಮೇಲೆ ಟ್ಯೂಬು ಇತ್ತು. ಗೋದಾಮಿನ ಮಕ್ಕಳ ಉಸಾಬರಿ ನಿನಗೇಕೆ ಎಂದು ಹಿಂದಿನ ದಿನವಷ್ಟೇ ಗೊಣಗಿದ್ದವನು. ಅವನು ಹೆಂಡತಿಯ ಕಡೆ ನೋಡಲಿಲ್ಲ. ಮೀಸೆಯವನ ಸ್ಕೂಟರಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಚಕ್ರ ಒತ್ತಿ ನೋಡಿದ.

“ಅಣ್ಣಾ, ಹಿಂದಿನ ಟೈರಲ್ಲಿ ಗಾಳಿ ಇಲ್ಲ. ಹೀಗೇ ಓಡಿಸಿದ್ರೆ ಟ್ಯೂಬ್ ಹರಿಯುತ್ತೆ. ತಗೊಂಡ್ ಬಾ, ನೋಡ್ತೀನಿ.”

“ಈಗ ಅದಾ ಮಾತು?”

“ಮತ್ತೇನು? ದಾರೀಲಿ ನಿಂತಿದೆ ಗಾಡಿ. ಮಕ್ಕಳು ಮನೆಗೆ ಹೋಗಬೇಕು.”

ಹೀಗೆಂದು ತಾನೇ ಸ್ಕೂಟರನ್ನು ಹಿಡಿದು ನಿಧಾನವಾಗಿ ತಳ್ಳಿಕೊಂಡು ಹೊರಟ. ಗಾಡಿಯ ಹಿಂದೆ ಮೀಸೆಯವನು ಹೋಗಲೇಬೇಕಾಯಿತು. ಯಾರೋ ಕಿಸಕ್ಕೆಂದರು. ನಗು ಸಣ್ಣದೇ, ಆದರೆ ಬಿಗಿ ಅಷ್ಟಕ್ಕೇ ಸಡಿಲಿತು. ತೆರೆದ ಸಂದಿನಲ್ಲಿ ಟೀಚರ್ ಹುಡುಗಿಯನ್ನು ನಡೆಸಿಕೊಂಡು ಹೋದಳು. ಓಡಬೇಕೆನ್ನಿಸಿದರೂ ಓಡಲಿಲ್ಲ.

ಅವತ್ತು ಸಂಜೆ ಗಂಡ ಕೈಯ ಗ್ರೀಸು ಒರೆಸಿಕೊಳ್ಳುತ್ತ ಒಂದೇ ಮಾತು ಕೇಳಿದ: “ಬೇರೆಯವರ ಮಕ್ಕಳನ್ನ ಮುಂದೆ ಇಟ್ಕೊಂಡು ನಡೆದೆಯಲ್ಲ, ಒಂದು ಕಲ್ಲು ಬಿದ್ದಿದ್ರೆ?”

ಅದೇ ಮಾತು ಆಕೆಯನ್ನೂ ಕೊರೆಯುತ್ತಿತ್ತು. “ಇಬ್ಬರಿಗೂ ಬುದ್ಧಿ ಇಲ್ಲ, ಊಟ ಮಾಡಿ,” ಎಂದಳು ಅತ್ತೆ.

ಮರುದಿನ ಟೀಚರ್ ಬೇಕರಿಗೆ ಹೋದಾಗ ಬೇಕರಿಯವನು ತಲೆಯೆತ್ತಲಿಲ್ಲ. “ಆ ಹುಡುಗಿ ಬೇಕಂತ ಮಾಡಿದ್ದಲ್ಲ ಅಂತ ನನ್ನ ಮಗಳೇ ಹೇಳಿದ್ಲು. ಆದ್ರೂ ನನಗೆ ಸಿಟ್ಟು ಇಳಿದಿಲ್ಲ ಮೇಡಂ. ಇಳಿಯೋ ತನಕ ನನ್ನ ಮಾತಾಡಿಸಬೇಡಿ.” ಸಿಟ್ಟು ಇಳಿಯಲು ಮಳೆಗಾಲವಿಡೀ ಬೇಕಾಯಿತು.

ಉದ್ದಜಡೆ ಶಾಲೆಗೆ ಬರುವುದನ್ನು ನಿಲ್ಲಿಸಿದಳು. ಟೀಚರ್ ಬೆಳಿಗ್ಗೆ ಬೆಳಿಗ್ಗೆ ಗೋದಾಮಿಗೆ ಹೋದಳು. ಚಿಕ್ಕಮ್ಮ ಪರದೆ ಸರಿಸಲಿಲ್ಲ. ಕೊನೆಗೆ ದಾರಿ ಮಾಡಿದವಳು ಬೇಕರಿಯವನ ಮಗಳು. ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಶಾಲೆಗೆ ಬಂದವಳೇ, “ನನಗೆ ಬರೆಯಕ್ಕಾಗಲ್ಲ. ಕೈ ಮುರಿದವಳೇ ಬಂದು ಬರೀಲಿ,” ಎಂದು ಹಟ ಹಿಡಿದಳು. ಟೀಚರ್ ಅದನ್ನು ಹಾಗೇ ಹೋಗಿ ಹೇಳಿದಳು. ಪರದೆಯ ಆಚೆ ಹುಡುಗಿ ಚಪ್ಪಲಿ ಹುಡುಕುವ ಸದ್ದು.

ಅವಳಿಗೆ ಅಕ್ಷರ ಸರಿಯಾಗಿ ಬರುತ್ತಿರಲಿಲ್ಲ. ಹಲಗೆಯ ಮೇಲಿದ್ದುದನ್ನು ಚಿತ್ರ ಬಿಡಿಸುವ ಹಾಗೆ ಇಳಿಸುತ್ತಿದ್ದಳು. ಪಕ್ಕದಿಂದ ಬೈಗುಳ ನಡೆದೇ ಇರುತ್ತಿತ್ತು: “ಒತ್ತು ಕೆಳಗೆ ಹಾಕೇ, ತಲೆ ಮೇಲೆ ಕೂರಿಸಬೇಡ. ಇದನ್ನ ಓದಿದ್ರೆ ನಾನು ಫೇಲು.” ಪ್ಲಾಸ್ಟರ್ ತೆಗೆಯುವ ಹೊತ್ತಿಗೆ ಉದ್ದಜಡೆ ಬರೆದುದನ್ನು ತಾನೇ ಓದುತ್ತಿದ್ದಳು, ತಡವರಿಸುತ್ತಿದ್ದರೂ ಗಟ್ಟಿಯಾಗಿ.

ಆ ವರ್ಷದ ಕ್ರೀಡಾಕೂಟದಲ್ಲಿ ಬೇಕರಿಯವನ ಮಗಳ ಬದಲು ಬೇರೊಬ್ಬಳು ಓಡಿದಳು, ತಂಡ ಕೊನೆಯದಾಗಿ ಬಂತು. ಉದ್ದಜಡೆ ಆಗಲೂ ನಿಂತು, ತಿರುಗಿ ನೋಡಿಯೇ ಬ್ಯಾಟನ್ ತೆಗೆದುಕೊಂಡಳು. ಮರುವರ್ಷ ಟೀಚರಿಗೆ ಸರಳವಾದ ಸಂಗತಿಯೊಂದು ಹೊಳೆಯಿತು: ಮೊದಲು ಓಡುವವಳು ಯಾರಿಂದಲೂ ತೆಗೆದುಕೊಳ್ಳಬೇಕಿಲ್ಲ, ಕೊಟ್ಟರೆ ಸಾಕು. ಇದು ಮೊದಲೇ ಹೊಳೆದಿದ್ದರೆ ಒಂದು ಮಣಿಕಟ್ಟು ಉಳಿಯುತ್ತಿತ್ತಲ್ಲ ಎಂದು ತನ್ನನ್ನೇ ಶಪಿಸಿಕೊಂಡಳು. ಉದ್ದಜಡೆಯನ್ನು ಮೊದಲನೆಯವಳಾಗಿ ನಿಲ್ಲಿಸಿದಳು, ಎರಡನೆಯ ಜಾಗಕ್ಕೆ ಬೇಕರಿಯವನ ಮಗಳನ್ನು ಹಾಕಿದಳು.

ಕ್ರೀಡಾಕೂಟದ ದಿನ ಅವರು ಎರಡನೆಯವರಾಗಿ ಬಂದರು. ಚಿಕ್ಕಮ್ಮ ಮೈದಾನದ ಹಗ್ಗದ ಆಚೆ ಬಿಸಿಲಲ್ಲೇ ನಿಂತು ನೋಡುತ್ತಿದ್ದಳು. ಬೇಕರಿಯವನು ತನ್ನ ಛತ್ರಿಯನ್ನು ಅವಳ ಕೈಗೆ ಕೊಟ್ಟು ಮಕ್ಕಳ ಕಡೆ ನಡೆದುಹೋದ.