ಅಜ್ಜಿಯ ಎದುರಿಗೆ ಆಡಿದ ಇಂಗ್ಲಿಷು

ನಿನ್ನೆ ಸಂಜೆ ದೇವದುರ್ಗದ ಕಾಲೇಜಿನಲ್ಲಿ ಪಾಠ ಮುಗಿಸಿ ರಾಯಚೂರಿಗೆ ಬಂದು ಮನೆಯ ಮೆಟ್ಟಿಲು ಹತ್ತುವಾಗಲೇ ಹಸಿ ಕೆಮ್ಮಣ್ಣಿನ ವಾಸನೆ ಬಂತು. ಅವ್ವ ಮಾಳಿಗೆಯ ಮೇಲೆ ನೆನೆಸಿದ ತೊಗರಿಗೆ ಮಣ್ಣು ಕಟ್ಟುತ್ತಿದ್ದಳು. ಹೀಗೆ ಮಣ್ಣು ಕಟ್ಟಿ, ಗುಡ್ಡೆ ಹಾಕಿ, ಆಮೇಲೆ ಬಿಸಿಲಿಗೆ ಒಣಗಿಸಿದರೆ ಬೀಸುವಾಗ ಸಿಪ್ಪೆ ಸಲೀಸಾಗಿ ಬಿಡುತ್ತದೆ. ಓಣಿಯ ಅಂಗಡಿಯಲ್ಲೇ ಬೇಳೆ ಸಿಗುವಾಗ ಇದೆಲ್ಲ ಯಾಕೆ ಎಂದು ನೀವು ಕೇಳಬಹುದು. ನಾನು ಕೇಳಲಿಲ್ಲ. ಅವಳ ಗಂಟಲಲ್ಲಿ ಗಂಟೊಂದು ಕಾಣಿಸಿಕೊಂಡಿತ್ತು, ಬೆಳಿಗ್ಗೆ ರಿಪೋರ್ಟಿಗಾಗಿ ದವಾಖಾನೆಗೆ ಹೋಗುವುದಿತ್ತು. ಕೈಗೆ ಏನಾದರೂ ಕೆಲಸ ಬೇಕಾಗಿತ್ತು ಅವಳಿಗೆ.

ಮಣ್ಣು ಕಟ್ಟುವುದನ್ನು ಅವ್ವ ಕಲಿತದ್ದು ಅಜ್ಜಿಯಿಂದ, ಮಾನ್ವಿ ತಾಲೂಕಿನ ಕಲ್ಲೂರಿನಲ್ಲಿ.

ಆಗ ನಾನು ರಾಯಚೂರಿನ ಹತ್ತಿರದ ಯರಗೇರಾದಲ್ಲಿ ಇಂಗ್ಲಿಷ್ ಎಂ.ಎ. ಓದುತ್ತಿದ್ದೆ. ನಾಲೆಜ್, ಇನ್ಫರ್ಮೇಶನ್, ಅವೇರ್ನೆಸ್, ವಿಸ್ಡಮ್: ಇವುಗಳ ನಡುವಿನ ವ್ಯತ್ಯಾಸವನ್ನು ಕನ್ನಡದಲ್ಲಿ ಬರೆದು ತನ್ನಿ ಎಂದು ಮೇಷ್ಟ್ರು ಹೇಳಿದ್ದರು. ಜ್ಞಾನ, ಮಾಹಿತಿ, ಅರಿವು, ವಿವೇಕ ಎಂದು ಬಸ್ಸಿನಲ್ಲಿ ಕೂತು ಗೆರೆ ಎಳೆಯುತ್ತಿದ್ದೆ. ಗೆರೆ ನೆಟ್ಟಗಿದ್ದರೆ ಜಗತ್ತೂ ನೆಟ್ಟಗಿದೆ ಎನ್ನುವ ವಯಸ್ಸು. ಒಮ್ಮೆ ಕಂಡಕ್ಟರ್ ಎಲ್ಲಿಗೆ ಎಂದು ಕೇಳಿದಾಗ ಅವರ ಮುಖವನ್ನೇ ನೋಡುತ್ತ ಕೂತಿದ್ದೆನಂತೆ.

ಅದೇ ವಾರ ಅಜ್ಜಿಯನ್ನು ಹೊಟ್ಟೆನೋವೆಂದು ರಾಯಚೂರಿಗೆ ಕರೆತಂದರು. ಡಾಕ್ಟರು ಅವಳ ಹೊಟ್ಟೆ ಒತ್ತಿ ನೋಡಿದರು, ಸ್ಕ್ಯಾನ್ ನೋಡಿದರು, ಆಮೇಲೆ ನನ್ನ ಕಡೆ ತಿರುಗಿ ಇಂಗ್ಲಿಷಿಗೆ ಇಳಿದರು. ಕಾಯಿಲೆಯ ಹೆಸರು ಹೇಳಿ, "ಡಸ್ ಶಿ ನೋ?" ಎಂದರು. ಇಲ್ಲವೆಂದೆ. ಹೇಳದಿರುವುದೇ ಒಳ್ಳೆಯದು ಎಂದರು, ಅದೂ ಇಂಗ್ಲಿಷಿನಲ್ಲೇ. ನಮ್ಮಿಬ್ಬರ ನಡುವೆ ಕೂತಿದ್ದ ಅಜ್ಜಿ ಒಮ್ಮೆ ಅವರ ಮುಖ, ಒಮ್ಮೆ ನನ್ನ ಮುಖ ನೋಡುತ್ತಿದ್ದಳು.

ಹೊರಗೆ ಅಪ್ಪ, "ಮುದುಕಿಗೆ ಹೇಳಬ್ಯಾಡ್ರಿ, ಎದಿ ಒಡಕೋತಾಳ" ಅಂದ. ಗ್ಯಾಸ್ ಆಗಿದೆ ಎಂದು ಅಜ್ಜಿಗೆ ಹೇಳಿದೆವು. ಮನೆಯಲ್ಲಿ ಎಲ್ಲರೂ ಅದನ್ನೇ ಹೇಳುತ್ತ ಬಂದೆವು.

ತೊಗರಿ ಮನೆಗೆ ಬಂದ ಮೇಲೆ ಅವ್ವನ ಜೊತೆ ಕಲ್ಲೂರಿಗೆ ಹೋದೆ. ಮೊಣಕೈವರೆಗೆ ಕೆಮ್ಮಣ್ಣಾದ ಅಜ್ಜಿ ತಲೆ ಎತ್ತದೆ ಕೇಳಿದಳು:

"ಏನ್ ಬೇ, ನನ್ನ ಸುದ್ದಿ ಇಂಗ್ಲಿಷಿನ್ಯಾಗ ಚಂದ ಕೇಳಸ್ತಿತ್ತೇನು?"

"ಯಾವ ಸುದ್ದಿ, ಅಜ್ಜಿ?"

"ಡಾಕ್ಟರ ನನ್ನ ಹೊಟ್ಟಿ ಮುಟ್ಟಿ ನಿನ್ನ ಮಾರಿ ನೋಡಿದ. ಗ್ಯಾಸಿಗೆ ಯಾರೂ ಹಂಗ ನೋಡಂಗಿಲ್ಲ."

ನಾನು ಅವಳ ಪಕ್ಕ ಕೂತೆ.

"ಅವತ್ತೇ ತಿಳೀತು ನನಗ. ಅದಕ್ಕ ನಾ ಅಳಾಕತ್ತಿಲ್ಲ. ನನಗೂ ಎರಡು ಮಾತು ಕೇಳೋದಿತ್ತು. ಬರೋ ವರ್ಷದ ಬ್ಯಾಳಿಗೆ ನಾ ಇರ್ತೀನೇನು, ಅಂತ. ಯಾರನ್ನ ಕೇಳಲಿ? ಕೇಳಾಕ ಹೋದ್ರ ಎಲ್ಲಾರೂ ಗ್ಯಾಸ್ ಅಂತೀರಿ."

ನನ್ನ ಮುಖದಲ್ಲಿ ಉತ್ತರ ಕಂಡಿರಬೇಕು. ಅವಳು ಮಣ್ಣಿನ ಬುಟ್ಟಿಯನ್ನು ಹತ್ತಿರ ಎಳೆದುಕೊಂಡಳು.

"ಆತು ಬಿಡು. ನಿಮ್ಮವ್ವನ್ನ ಕರಿ. ಮಣ್ಣು ಎಷ್ಟು ಕಲಸಬೇಕಂತ ತೋರಸ್ತೀನಿ."

ಮುಂದಿನ ತೊಗರಿಗೆ ಅವಳಿರಲಿಲ್ಲ.

ಮೇಷ್ಟ್ರು ಕೊಟ್ಟ ಪದಗಳನ್ನು ಈಗ ನಾನೇ ಪಾಠ ಮಾಡುತ್ತೇನೆ. ಡಾಕ್ಟರ ಬಳಿ ಮಾಹಿತಿಯಿತ್ತು, ನಮಗೆ ಗೊತ್ತಿತ್ತು, ಅಜ್ಜಿಗೆ ಅರಿವಾಗಿತ್ತು. ಮೂರೂ ಒಂದೇ ಕೋಣೆಯಲ್ಲಿದ್ದವು, ಒಂದನ್ನೊಂದು ಮಾತಾಡಿಸಲಿಲ್ಲ. ಗೊತ್ತಿರುವುದನ್ನು ಇನ್ನೊಬ್ಬರ ಜೊತೆ ಕೂತು ತಿಳಿಯುವುದಕ್ಕೆ ಯಾವ ಪದ ಎಂದು ಮೇಷ್ಟ್ರು ಕೇಳಿರಲಿಲ್ಲ, ನಾನೂ ಹುಡುಕಿರಲಿಲ್ಲ. ಇಂಗ್ಲಿಷು ಆವತ್ತು ನನಗೆ ಬಾಗಿಲು ತೆರೆಯಿತೆಂದೇ ಮನೆಯವರು ಹೇಳುತ್ತಿದ್ದರು. ಅಜ್ಜಿ ನಿಂತಿದ್ದದ್ದು ಆ ಬಾಗಿಲಿನ ಆಚೆ.

ಇವತ್ತು ಬೆಳಿಗ್ಗೆ ಅಂಥದೇ ಒಂದು ಕೋಣೆ, ಬೇರೆ ಡಾಕ್ಟರು. ಅವ್ವ ಕೈ ಎಷ್ಟು ತಿಕ್ಕಿದ್ದರೂ ಉಗುರಿನ ಅಂಚಿನಲ್ಲಿ ಕೆಂಪು ಉಳಿದಿತ್ತು. ಡಾಕ್ಟರು ರಿಪೋರ್ಟು ನೋಡಿದರು, ನನ್ನ ಕಡೆ ತಿರುಗಿದರು.

"ಸೋ, ಯುವರ್ ಮದರ್..."

ನಾನು ಕುರ್ಚಿಯನ್ನು ಹಿಂದಕ್ಕೆ ಸರಿಸಿದೆ. ಈಗ ಅವರ ಎದುರಿಗೆ ಅವ್ವ ಒಬ್ಬಳೇ ಇದ್ದಳು.

"ಅವ್ವಗ ಹೇಳ್ರಿ ಸರ್, ಕನ್ನಡದಾಗ. ಆಕಿಗೆ ಕೇಳೋದದ."

ಅವ್ವ ಒಮ್ಮೆ ತಿರುಗಿ ನನ್ನನ್ನು ನೋಡಿದಳು. ಆಮೇಲೆ ಸೆರಗು ಸರಿಮಾಡಿಕೊಂಡು ಅವರನ್ನು ಮೊದಲ ಮಾತು ಕೇಳಿದಳು. ಉತ್ತರ ನನಗೂ ಗೊತ್ತಿರಲಿಲ್ಲ. ಅವಳ ಜೊತೆಗೇ ಕಾದೆ.