ಸೇನಾಪತಿಯ ಊರಿನ ಯಜಮಾನರು

ಹಾರ್ಲೆಮ್‌ನ ಶನಿವಾರದ ಸಂತೆಯಲ್ಲಿ ಹಳೆಯ ಅಚ್ಚುಚಿತ್ರಗಳನ್ನು ಮಾರುವವನೊಬ್ಬನಿದ್ದಾನೆ. ಹೋದ ತಿಂಗಳು ಅವನ ಪೆಟ್ಟಿಗೆಯಲ್ಲಿ ಕಾಗದಗಳನ್ನು ಸರಿಸುತ್ತಿದ್ದಾಗ ಚೂಪು ಗಡ್ಡ, ಕಸೂತಿ ಕಾಲರು, ಯಾರನ್ನೂ ನಂಬದ ಕಣ್ಣುಗಳ ಮುಖವೊಂದು ಮೇಲೆ ಬಂತು. ಕೆಳಗಿನ ಹೆಸರು ಓದುವ ಮೊದಲೇ ಗುರುತು ಸಿಕ್ಕಿತು. ನಾನೂರು ವರ್ಷಗಳ ಹಿಂದಿನ ಬೊಹೀಮಿಯಾದ ಸೇನಾಪತಿ. ಅವನ ಕಥೆಯನ್ನು ನನಗೆ ಹೇಳಿದವರು ಅವನದೇ ಊರಿನವರು, ಈ ದೇಶದಲ್ಲಿ ನನಗೆ ಮೊದಲ ಕೆಲಸ ಕೊಟ್ಟವರು...

ಧಾರವಾಡದಲ್ಲಿ ಕೃಷಿ ಓದಿ, ಹೆಚ್ಚಿನ ಓದಿಗೆಂದು ಡಚ್ಚರ ನಾಡಿನ ವಾಗೆನಿಂಗನ್ನಿಗೆ ಬಂದವಳು ನಾನು. ಓದು ಮುಗಿದ ಮೇಲೆ ಊರಾಚೆಯ ಸಣ್ಣ ಬೀಜದ ಕಂಪನಿಯೊಂದನ್ನು ಸೇರಿದೆ. ಅಲ್ಲಿ ಬೂಜು ರೋಗ ತಡೆಯುವ ಪಾಲಕ್ ತಳಿಯ ಕೆಲಸ ನಡೆದಿತ್ತು. ಆರು ಜನರ ನಮ್ಮ ತಂಡವನ್ನು ಶೂನ್ಯದಿಂದ ಕಟ್ಟಿದವರು ಆ ಸೇನಾಪತಿಯ ಊರಿನವರೇ. ತಂಡದಲ್ಲಿ ಮಂಡ್ಯದ ಹುಡುಗನೊಬ್ಬನಿದ್ದ. ಅವನೂ ನಾನೂ ನಮ್ಮೊಳಗೆ ಅವರನ್ನು ‘ಯಜಮಾನ್ರು’ ಅನ್ನುತ್ತಿದ್ದೆವು. ಅರವತ್ತರ ಆಸುಪಾಸು, ಕಾಲಿನಲ್ಲಿ ಗೌಟು ಎಂಬ ಕೀಲುನೋವು, ಗದ್ದಲ ಕಂಡರೆ ಆಗದು. ‘ನಮ್ಮೂರಿನ ಸೇನಾಪತಿಗೂ ಇದೇ ಕಾಯಿಲೆ, ಇದೇ ಸಿಟ್ಟು’ ಎಂದು ನಗುತ್ತಿದ್ದರು.

ಹೊಲಕ್ಕೆ ಹೋಗುವಾಗ ಮಂಡ್ಯದವನು ವ್ಯಾನು ಓಡಿಸುತ್ತಿದ್ದ, ಅವರು ಕಥೆ ಹೇಳುತ್ತಿದ್ದರು. ಆ ಸೇನಾಪತಿ ಚಕ್ರವರ್ತಿಗಾಗಿ ದೊಡ್ಡ ಸೈನ್ಯ ಕಟ್ಟಿ ಗೆಲ್ಲಿಸಿದ. ಬಲ ಹೆಚ್ಚಾಯಿತೆಂದು ಚಕ್ರವರ್ತಿ ಅವನನ್ನು ಮನೆಗೆ ಕಳಿಸಿದ. ಸೋಲತೊಡಗಿದಾಗ ಮತ್ತೆ ಕರೆಸಿಕೊಂಡ. ಶತ್ರುಗಳ ಜೊತೆ ಗುಟ್ಟಾಗಿ ಮಾತಾಡುತ್ತಿದ್ದಾನೆ ಎಂಬ ಗುಮಾನಿ ಹಬ್ಬಿದಾಗ, ‘ನಿಮ್ಮನ್ನು ಬಿಡುವುದಿಲ್ಲ’ ಎಂದು ಅಧಿಕಾರಿಗಳೆಲ್ಲ ಬರೆದು ಸಹಿ ಹಾಕಿಕೊಟ್ಟರು. ಕೆಲವೇ ವಾರಗಳಲ್ಲಿ ಒಬ್ಬೊಬ್ಬರೇ ಜಾರಿಕೊಂಡರು. ಕಾಯಿಲೆಯಿಂದ ಮಲಗಿದ್ದವನನ್ನು ಅವನ ಸೈನ್ಯದವರೇ ಬಂದು ಇರಿದು ಕೊಂದರು.

“ಅವನು ನಿಜವಾಗ್ಲೂ ದ್ರೋಹ ಮಾಡಿದ್ನಾ?” ಎಂದು ಕೇಳಿದ್ದೆ.

“ಈಗ್ಲೂ ಜಗಳ ಆಡ್ತಾರೆ,” ಎಂದರು. “ನನ್ನ ಕೇಳಿದ್ರೆ, ಏನು ಮಾಡ್ಬೇಕು ಅಂತ ಅವನಿಗೇ ಗೊತ್ತಿರಲಿಲ್ಲ.”

ಅವತ್ತೇ ಇರಬೇಕು... ಕೊಯ್ದ ಬೀಜದಿಂದ ಒಂದು ಹಿಡಿ ತೆಗೆದು ಕೋಟಿನ ಜೇಬಿಗೆ ಹಾಕಿಕೊಂಡರು. “ಗಾಜಿನ ಮನೆಯಲ್ಲಿ ಗಿಡ ಸುಖವಾಗಿ ಬೆಳೆದಿದೆ. ನನ್ನ ಹಿತ್ತಿಲ ಹಿಮದಲ್ಲಿ ಏನು ಮಾಡುತ್ತೋ ನೋಡೋಣ.” ನಾವಿಬ್ಬರೂ ನಕ್ಕೆವು. ಕಂಪನಿಯ ಬೀಜ ಹೊರಗೆ ಒಯ್ಯುವಂತಿರಲಿಲ್ಲ, ಆದರೆ ನೋಡಿದವರು ನಾವಿಬ್ಬರೇ.

ಮರುವರ್ಷ ಕಂಪನಿಗೆ ಹೊಸ ಆಡಳಿತ ಬಂತು. ಯಜಮಾನರು ಬೇರೆ ಕಂಪನಿಯವರೊಡನೆ ಊಟ ಮಾಡಿದ್ದನ್ನು ಯಾರೋ ನೋಡಿದ್ದರು. ಊಟ ಮಾಡಿದ್ದು ನಿಜ. ಮಾತು ಎಲ್ಲಿಯವರೆಗೆ ಹೋಗಿತ್ತೋ ನನಗೆ ಇಂದಿಗೂ ಗೊತ್ತಿಲ್ಲ. ಒಂದು ಮಧ್ಯಾಹ್ನ ಅವರು ನಮ್ಮನ್ನು ಕರೆದು ಒಂದು ಕಾಗದ ಮುಂದಿಟ್ಟರು. ಅವರನ್ನು ತೆಗೆದರೆ ನಾವೂ ಹೊರಡುತ್ತೇವೆ ಎಂದು ಅದರಲ್ಲಿತ್ತು. ಆರೂ ಜನ ಸಹಿ ಹಾಕಿದೆವು. ನಾನು ಎರಡನೆಯವಳು.

ಹತ್ತು ದಿನ ಕಳೆದ ಮೇಲೆ ಆಡಳಿತದವರು ನಮ್ಮನ್ನು ಒಬ್ಬೊಬ್ಬರನ್ನಾಗಿ ಕರೆಯತೊಡಗಿದರು. ಸೈಕಲ್ ನಿಲ್ಲಿಸುವಲ್ಲಿ ಮಂಡ್ಯದವನು ಸಿಕ್ಕಿದ. “ಅಕ್ಕ, ಏನ್ ಕೇಳುದ್ರೂ ಗೊತ್ತಿಲ್ಲ ಅಂದ್ಬುಡಿ. ನಾನಂತೂ ಬಾಯ್ ಬಿಡಕಿಲ್ಲ.”

“ಹೂಂ. ಆದ್ರ ಈ ದೇಶದಾಗ ಇರ್ಲಿಕ್ಕೆ ನನ್ನ ಪರ್ಮಿಟ್ ಈ ಕೆಲಸದ ಮ್ಯಾಲೆ ನಿಂತದಲೋ,” ಎಂದೆ.

“ನಂದೂ ಅಷ್ಟೇ ಅಲ್ವಾ?” ಎಂದ ಅವನು.

ಕೋಣೆಯಲ್ಲಿದ್ದ ಮ್ಯಾನೇಜರ್ ತುಂಬ ಸಭ್ಯಳು. ಕಾಫಿ ಕೊಟ್ಟಳು, ಪರ್ಮಿಟ್ ನವೀಕರಣಕ್ಕೆ ಎಷ್ಟು ತಿಂಗಳಿದೆ ಎಂದು ಕೇಳಿದಳು. ಆಮೇಲೆ, ಅವರು ಇಲ್ಲಿಂದ ಬೀಜ ಹೊರಗೆ ಒಯ್ದದ್ದನ್ನು ನೋಡಿದ್ದೀರಾ ಎಂದಳು. ನಾನು ಸುಳ್ಳು ಹೇಳಲಿಲ್ಲ. ಒಂದು ಹಿಡಿ, ಕೋಟಿನ ಜೇಬು, ಅಷ್ಟನ್ನೇ ಹೇಳಿದೆ. ಹಿತ್ತಿಲು, ಹಿಮ, ನಮ್ಮ ನಗು, ಅವನ್ನು ಹೇಳಲು ಬಾಯಿ ತೆರೆದಾಗ ಅವಳು ಬರೆದುಕೊಂಡು ಮುಗಿಸಿದ್ದಳು. ಉಳಿದ ಕಾಫಿ ಕುಡಿದು ಎದ್ದು ಬಂದೆ.

ಮರುದಿನವೇ ಅವರನ್ನು ತೆಗೆದರು. ತಮ್ಮ ಸಾಮಾನು ಒಯ್ಯಲು ಬಂದಾಗ ನಾನು ಗಾಜಿನ ಮನೆಯಲ್ಲಿದ್ದೆ. ಕುಂಟುತ್ತ ಹತ್ತಿರ ಬಂದರು.

“ಮೂರನೇ ಸಾಲಿನ ಪೈಪು ಕಟ್ಟಿಕೊಂಡಿದೆ. ಬುಧವಾರ ಕೈಯಿಂದ ನೀರು ಹಾಕು,” ಎಂದರು. ಭುಜ ತಟ್ಟಿ ಹೋದರು.

ಬಾಯಿ ಬಿಡದ ಮಂಡ್ಯದವನ ಕರಾರು ಮುಂದುವರಿಯಲಿಲ್ಲ, ಊರಿಗೆ ಮರಳಿದ. ನನ್ನದು ಕಾಯಂ ಆಯಿತು. ಯಜಮಾನರು ಇನ್ನೆಲ್ಲೂ ಕೆಲಸ ಹಿಡಿಯಲಿಲ್ಲವೆಂದು ಕೇಳಿದೆ. ಒಂದು ಕಾಗದ ಬರೆಯಬೇಕು ಎಂದುಕೊಳ್ಳುತ್ತಲೇ ಹನ್ನೊಂದು ವರ್ಷ ಹೋಯಿತು. ಈ ನಡುವೆ ಆ ಕಂಪನಿ ಬಿಟ್ಟು ಹಾರ್ಲೆಮ್‌ಗೆ ಬಂದೆ.

ಸಂತೆಯಿಂದ ಮನೆಗೆ ಬಂದ ದಿನವೇ ಅವರ ಹಳೆಯ ನಂಬರಿಗೆ ಫೋನು ಮಾಡಿದೆ. ಎತ್ತಿದವರು ಅವರ ಹೆಂಡತಿ, ಡಚ್ಚರಾಕೆ. ಯಜಮಾನರು ತೀರಿಕೊಂಡು ಎರಡು ಚಳಿಗಾಲ ಕಳೆದವಂತೆ... ನನ್ನ ಹೆಸರು ಹೇಳುತ್ತಲೇ ಆಕೆಯ ದನಿ ಅರಳಿತು.

“ನೀನಾ! ನಿನ್ನ ತುಂಬಾ ನೆನೆಸ್ಕೋತಿದ್ರು. ಬೀಜದ ವಿಷಯ ಆ ಹುಡುಗ ಹೇಳಿಬಿಟ್ಟ, ವ್ಯಾನು ಓಡಿಸ್ತಿದ್ನಲ್ಲ ಅವನು. ‘ಅವಳು ಮಾತ್ರ ನನ್ನ ಬಿಟ್ಟುಕೊಡಲಿಲ್ಲ’ ಅಂತಿದ್ರು. ಕೊನೇವರೆಗೂ ಅಂತಿದ್ರು.”

ಆಗಲಾದರೂ ಹೇಳಬಹುದಿತ್ತು. ಆಕೆ ಕಾಯುತ್ತಿದ್ದರು. ಒಂದು ವಾಕ್ಯ ಸಾಕಿತ್ತು.

“ಒಳ್ಳೆ ಮನುಷ್ಯ ಅವರು,” ಎಂದಷ್ಟೇ ಹೇಳಿ ಫೋನಿಟ್ಟೆ.

ಮಂಡ್ಯದವನ ನಂಬರು ಹುಡುಕುತ್ತಿದ್ದೇನೆ, ಇನ್ನೂ ಸಿಕ್ಕಿಲ್ಲ. ಯಜಮಾನರಂತೂ ಯಾರೂ ಫೋನು ಮಾಡಲಾಗದ ಕಡೆಗೆ ಹೋಗಿಯಾಯಿತು. ಅವರ ಹೆಂಡತಿಗೆ ಹೇಳಬೇಕಾದದ್ದನ್ನೆಲ್ಲ ಇಲ್ಲಿ ಬರೆದಿದ್ದೇನೆ, ಆಕೆಗೆ ಓದಲು ಬಾರದ ಭಾಷೆಯಲ್ಲಿ.